ಕಾಲಿನ ಬಣ್ಣ ಹೇಳುವ ಹೆಸರು

ಕೇಳುಗರೆ, ನಮಸ್ಕಾರ.

ಮಳೆಗಾಲದ ಸಂಜೆ ದೀಪ ಹಚ್ಚಿದ ಕೂಡಲೇ ಗೋಡೆಗೆ ಬಂದು ಕೂರುವ ಹುಳುಗಳ ನಡುವೆ, ದೊಡ್ಡ ಇರುವೆಯಂತೆ ತೋರುವ, ಕಿತ್ತಳೆ ಮತ್ತು ಕಪ್ಪು ಬಣ್ಣದ, ಸುಮಾರು 7 ಮಿಲಿಮೀಟರ್ ಉದ್ದದ ಒಂದು ಹುಳುವನ್ನು ನೀವು ಕಂಡಿರಬಹುದು. ಓಡುವಾಗ ಅದು ಹೊಟ್ಟೆಯ ತುದಿಯನ್ನು ಚೇಳಿನಂತೆ ಮೇಲಕ್ಕೆತ್ತುತ್ತದೆ. 2022ರಲ್ಲಿ ಸಿಕ್ಕಿಂನ ವಿದ್ಯಾರ್ಥಿಗಳ ಮೈಮೇಲೆ ಇಂಥ ಹುಳುವಿನಿಂದ ಬೊಬ್ಬೆಗಳೆದ್ದಾಗ ಅದು ‘ನೈರೋಬಿ ನೊಣ’ ಎಂಬ ಹೆಸರಿನಲ್ಲೇ ಸುದ್ದಿಯಾಯಿತು. ಆ ಹೆಸರಿನ ಎರಡು ಪದಗಳೂ ದಾರಿ ತಪ್ಪಿಸುತ್ತವೆ. ಇದು ನೊಣವಲ್ಲ, ದುಂಬಿ; ‘ನೈರೋಬಿ’ ಎಂಬುದು ಪೂರ್ವ ಆಫ್ರಿಕಾದ ಸಬೇಯಸ್ ಮತ್ತು ಎಕ್ಸಿಮಿಯಸ್ ಎಂಬ ಪ್ರಭೇದಗಳಿಗೆ ಅಂಟಿದ ಹೆಸರು. ನಮ್ಮ ಭತ್ತದ ಗದ್ದೆಗಳಲ್ಲಿ ಸಿಗುವ ಪೀಡೆರಸ್ ಫಸ್ಕಿಪೆಸ್ ಅವುಗಳ ದಾಯಾದಿ.

ದುಂಬಿಯೆಂದರೆ ಬೆನ್ನು ಪೂರ್ತಿ ಗಟ್ಟಿ ಕವಚದಿಂದ ಮುಚ್ಚಿರಬೇಕು ಎಂಬುದು ನಮ್ಮ ರೂಢಿಯ ಕಲ್ಪನೆ. ಈ ಹುಳುವಿನ ಕುಟುಂಬವಾದ ಸ್ಟ್ಯಾಫಿಲಿನಿಡೇಯಲ್ಲಿ ಆ ಕವಚ ಗಿಡ್ಡ ಅಂಗಿಯಂತೆ ನಡುವಿನಲ್ಲೇ ನಿಂತುಬಿಡುತ್ತದೆ, ಹೊಟ್ಟೆಯ ಬಹುಭಾಗ ತೆರೆದೇ ಇರುತ್ತದೆ. ಹಾರುವ ರೆಕ್ಕೆಗಳು ಮಾತ್ರ ದೊಡ್ಡವು. ಹಾರಿ ಬಂದು ಕೂತ ಮೇಲೆ ಹೊಟ್ಟೆಯನ್ನು ಬಾಗಿಸಿ, ಅದರಿಂದಲೇ ಒತ್ತಿ ಒತ್ತಿ, ಅವನ್ನು ಆ ಪುಟ್ಟ ಕವಚದಡಿ ಮಡಚಿಡುವುದನ್ನು ನೋಡಿದವರಿಗೆ ಈ ಕುಟುಂಬದ ಗುರುತು ಮತ್ತೆ ಮರೆಯುವುದಿಲ್ಲ. 60,000ಕ್ಕೂ ಹೆಚ್ಚು ಪ್ರಭೇದಗಳಿರುವ ಕುಟುಂಬವಿದು. ಹಾಗಾಗಿ ಕುಟುಂಬವನ್ನು ಗುರುತಿಸುವುದು ಸುಲಭ, ಪ್ರಭೇದವನ್ನು ಗುರುತಿಸುವುದು ಕಷ್ಟ.

ಫಸ್ಕಿಪೆಸ್ ದುಂಬಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ತಲೆಯಿಂದ ನೋಡುತ್ತಾ ಬನ್ನಿ. ತಲೆ ಕಪ್ಪು. ಅದರ ಹಿಂದಿನ ಎದೆಯ ಫಲಕ ಉಬ್ಬಿದ, ನಯವಾದ ಕಿತ್ತಳೆ. ಗಿಡ್ಡ ಕವಚಗಳು ನವಿಲಿನ ಕತ್ತಿನಂತೆ ಹೊಳೆಯುವ ನೀಲಿ, ಅವುಗಳ ಮೇಲೆ ಒತ್ತಾದ ಸಣ್ಣ ಗುಳಿಗಳು. ಹೊಟ್ಟೆಯಲ್ಲಿ ಕಾಣುವ ಮೊದಲ ನಾಲ್ಕು ಖಂಡಗಳು ಕಿತ್ತಳೆ, ಕೊನೆಯ ಎರಡು ಕಪ್ಪು. ಇಷ್ಟನ್ನು ನೋಡಿ ಪ್ರಭೇದವನ್ನು ಹೇಳಿಬಿಡುವ ಆತುರ ಬೇಡ, ಏಕೆಂದರೆ ಇದೇ ಬಣ್ಣದ ವೇಷವನ್ನು ಇದರ ಹತ್ತಾರು ಬಂಧುಗಳೂ ತೊಟ್ಟಿವೆ. ಕಾಲುಗಳನ್ನು ನೋಡಬೇಕು. ಫಸ್ಕಿಪೆಸ್ ಎಂದರೆ ಲ್ಯಾಟಿನ್‌ನಲ್ಲಿ ಮಾಸಲು ಕಾಲಿನದು ಎಂದರ್ಥ. ಭಾರತದಲ್ಲೇ ಇರುವ ಮೆಲಾಂಪಸ್ ಎಂಬ ಇನ್ನೊಂದರ ಹೆಸರಿಗೆ ಗ್ರೀಕ್‌ನಲ್ಲಿ ಕಪ್ಪು ಕಾಲಿನದು ಎಂದರ್ಥ. ಹೆಸರಿಟ್ಟವರು ಎಲ್ಲಿ ಕಣ್ಣಿಟ್ಟಿದ್ದರು ಎಂಬುದು ಹೆಸರಿನಲ್ಲೇ ಇದೆ.

ಬಣ್ಣ ಕೂಡ ಕೊನೆಯ ಸಾಕ್ಷಿಯಲ್ಲ. ಹಳೆಯ ಮಾದರಿಗಳಲ್ಲಿ ಅದು ಮಂಕಾಗುತ್ತದೆ, ಆಗಷ್ಟೇ ಕೋಶದಿಂದ ಹೊರಬಂದ ದುಂಬಿಯಲ್ಲಿ ಇನ್ನೂ ತುಂಬಿಕೊಂಡಿರುವುದಿಲ್ಲ. ಸಂದೇಹ ಉಳಿದಾಗ ತಜ್ಞರು ಗಂಡು ದುಂಬಿಯ ಹೊಟ್ಟೆಯ ತುದಿಯನ್ನು ಬಿಡಿಸಿ, ಕ್ಷಾರದ ದ್ರಾವಣದಲ್ಲಿ ನೆನೆಸಿ ಮೃದುವಾದ ಭಾಗಗಳನ್ನು ಕರಗಿಸಿ, ಉಳಿಯುವ ಜನನಾಂಗದ ಗಟ್ಟಿ ಭಾಗದ ಆಕಾರವನ್ನು ಪರೀಕ್ಷಿಸುತ್ತಾರೆ. ಹೊರಗಿನಿಂದ ಅವಳಿಗಳಂತಿರುವ ಎರಡು ಪ್ರಭೇದಗಳು ಅಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ. ಹೆಣ್ಣು ಮಾತ್ರ ಸಿಕ್ಕಿದ್ದರೆ ಪ್ರಭೇದವನ್ನು ಹೇಳದೆ ಜಾತಿಯ, ಅಂದರೆ ಹತ್ತಿರದ ಪ್ರಭೇದಗಳ ಗುಂಪಾದ ಪೀಡೆರಸ್‌ನ, ಹೆಸರಿಗೇ ನಿಲ್ಲುವುದು ಎಷ್ಟೋ ಸಲ ಪ್ರಾಮಾಣಿಕವಾದ ಉತ್ತರ ಎಂದು ನಾನು ನಂಬುತ್ತೇನೆ.

ಪ್ರಭೇದದ ಹೆಸರಿನ ಜೊತೆ ಅದನ್ನಿಟ್ಟವರ ಹೆಸರನ್ನೂ ಬರೆಯುತ್ತಾರೆ; ಅಲ್ಲಿನ ಚಿಕ್ಕ ಗುರುತುಗಳಲ್ಲಿಯೂ ಇತಿಹಾಸವಿದೆ. ಇಂಗ್ಲೆಂಡಿನ ಕೀಟತಜ್ಞ ಜಾನ್ ಕರ್ಟಿಸ್ 1826ರಲ್ಲಿ ಫಸ್ಕಿಪೆಸ್ ಎಂಬ ಹೆಸರಿಟ್ಟಾಗಲೇ ಅದನ್ನು ಪೀಡೆರಸ್ ಜಾತಿಗೆ ಸೇರಿಸಿದ್ದರಿಂದ ಅವರ ಹೆಸರನ್ನು ಆವರಣವಿಲ್ಲದೆ ಬರೆಯುತ್ತಾರೆ. ಅದರ ಬಂಧು ರಿಪೇರಿಯಸ್‌ಗೆ 1758ರಲ್ಲಿ ಹೆಸರಿಟ್ಟ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಅದನ್ನು ಸ್ಟ್ಯಾಫಿಲಿನಸ್ ಎಂಬ ಬೇರೆ ಜಾತಿಯಲ್ಲಿಟ್ಟಿದ್ದರು. ಮುಂದೆ ಜಾತಿ ಬದಲಾದುದರಿಂದ ಅವರ ಹೆಸರು ಆವರಣದೊಳಗೆ ಹೋಯಿತು. ಭಾರತದ ಈ ಕುಟುಂಬದ ದುಂಬಿಗಳನ್ನು ಮ್ಯಾಲ್ಕಮ್ ಕ್ಯಾಮರೂನ್ ಎಂಬ ನೌಕಾಪಡೆಯ ವೈದ್ಯರು 1930ರಿಂದ 1939ರವರೆಗೆ ನಾಲ್ಕು ಸಂಪುಟಗಳಲ್ಲಿ ವಿವರಿಸಿದರು.

ಇಷ್ಟೊಂದು ಶ್ರಮ ಏಕೆ ಎಂದು ಗದ್ದೆಯ ರೈತರು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಫಸ್ಕಿಪೆಸ್ ಭತ್ತವನ್ನು ಕಾಡುವ ಕಂದು ಜಿಗಿಹುಳುವನ್ನು ಹಿಡಿದು ತಿನ್ನುವ ಬೇಟೆಗಾರ. ಅದು ಕಚ್ಚಿ ಬೊಬ್ಬೆ ಎಬ್ಬಿಸುವುದಿಲ್ಲ; ಮೈಮೇಲೆ ಕೂತಾಗ ಅರಿಯದೆ ಉಜ್ಜಿದರೆ ಅದರ ದೇಹದ್ರವದಲ್ಲಿರುವ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ತಾಗಿ, ಒಂದೆರಡು ದಿನದಲ್ಲಿ ಬರೆ ಎಳೆದಂತೆ ಉರಿ ಏಳುತ್ತದೆ. ಆ ವಿಷವನ್ನು ತಯಾರಿಸುವುದು ಅದರೊಳಗೆ ವಾಸಿಸುವ ಒಂದು ಬ್ಯಾಕ್ಟೀರಿಯಾ, ಮತ್ತು ವಿಷ ಹೆಚ್ಚಾಗಿ ಇರುವುದು ಹೆಣ್ಣುಗಳಲ್ಲಿ. ಹೊಲದ ಮಿತ್ರನನ್ನು ಬರೀ ವಿಷದ ಹುಳುವೆಂದು ತಿಳಿದು ಗದ್ದೆಗೆಲ್ಲ ಔಷಧಿ ಹೊಡೆದರೆ ಲಾಭವಾಗುವುದು ಜಿಗಿಹುಳುವಿಗೆ.

ನಿಮಗೆ ಇಂಥ ದುಂಬಿ ಸಿಕ್ಕಿದರೆ ಬರಿಗೈಯಲ್ಲಿ ಮುಟ್ಟದೆ ಕಾಗದದ ಮೇಲೆ ಹತ್ತಿಸಿಕೊಂಡು, ಆಲ್ಕೋಹಾಲ್ ತುಂಬಿದ ಸಣ್ಣ ಶೀಸೆಗೆ ಬೀಳಿಸಿ. ಊರು, ತಾರೀಖು, ಗದ್ದೆಯೋ ದೀಪದ ಬುಡವೋ ಎಂಬುದನ್ನು ಚಿಕ್ಕ ಚೀಟಿಯಲ್ಲಿ ಬರೆದು ಶೀಸೆಯ ಒಳಗೇ ಹಾಕಿ. ಶಾಯಿ ಕರಗಿಹೋಗುತ್ತದೆ, ಆದ್ದರಿಂದ ಪೆನ್ಸಿಲ್‌ನಲ್ಲೇ ಬರೆಯಿರಿ.