ಮಂಡಿಯಿಂದ ಬೆರಳಿನವರೆಗೆ 42 ಸೆಂಟಿಮೀಟರ್: ಪಾದದ ನರ ಮತ್ತೆ ಬೆಳೆಯುವ ಬಗೆ

(ದೃಶ್ಯ: ತೋಟದ ಮನೆಯ ಜಗುಲಿ. ನಿರೂಪಕರು ಬಲಗಾಲನ್ನು ಮುಂದಕ್ಕೆ ಚಾಚಿ ಕುಳಿತಿದ್ದಾರೆ. ಪಕ್ಕದಲ್ಲಿ ದರ್ಜಿಯ ಟೇಪು ಮತ್ತು ಒಂದು ಹವಾಯಿ ಚಪ್ಪಲಿ.)

ಎಲ್ಲರಿಗೂ ನಮಸ್ಕಾರ. ನಮ್ಮ ತುಮಕೂರು ಸೀಮೆಯಲ್ಲಿ ಕಾಲಿಗೆ ಏನೇ ಆದರೂ ಅದನ್ನು ‘ನರದ ತೊಂದರೆ’ ಎಂದುಬಿಡುವ ರೂಢಿಯಿದೆ. ಮೀನಖಂಡದಲ್ಲಿ ನೀಲಿಯಾಗಿ ಉಬ್ಬಿದ ರಕ್ತನಾಳವೂ ನರ, ಹಿಮ್ಮಡಿಯ ಮೇಲೆ ಹಗ್ಗದಂತೆ ಕೈಗೆ ಸಿಗುವ ಸ್ನಾಯುರಜ್ಜುವೂ ನರ, ಕಾಲು ಉಳುಕಿದಾಗ ‘ಹಿಡಿದುಕೊಳ್ಳುವುದೂ’ ನರವೇ. ನಾನು ಇವತ್ತು ಹೇಳಹೊರಟಿರುವ ನರ ಇವ್ಯಾವುದೂ ಅಲ್ಲ. ಬೆನ್ನುಹುರಿಯಿಂದ ಹೊರಟು ಸ್ನಾಯುಗಳಿಗೆ ಅಪ್ಪಣೆಯನ್ನು ಒಯ್ಯುವ, ಚರ್ಮದ ಸ್ಪರ್ಶವನ್ನು ಮೇಲಕ್ಕೆ ತಿಳಿಸುವ ನರ ಅದು. ಈ ವ್ಯತ್ಯಾಸವನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಹಿಡಿದುಕೊಂಡ ಸ್ನಾಯುವನ್ನು ನೀವಿ ಸಡಿಲಗೊಳಿಸಬಹುದು. ಪೆಟ್ಟು ತಿಂದ ನರವನ್ನು ನೀವಿ, ಎಳೆದು, ಎಣ್ಣೆ ಹಚ್ಚಿ ಬೆಳೆಸಲು ಬರುವುದಿಲ್ಲ.

ಎರಡು ವರ್ಷಗಳ ಹಿಂದೆ ತಿಪಟೂರಿನಲ್ಲಿ ಕೊಬ್ಬರಿ ಮಾರಿ ಬೈಕಿನಲ್ಲಿ ಹಿಂತಿರುಗುವಾಗ ಮಳೆಗೆ ಜಾರಿ ಬಿದ್ದೆ. ಮಂಡಿಯ ಹೊರಬದಿ ರಸ್ತೆಗೆ ಬಡಿದು, ಫಿಬುಲಾ ಎಂಬ ಸಣ್ಣ ಮೂಳೆಯ ಮೇಲ್ತುದಿ ಬಿರುಕು ಬಿಟ್ಟಿತು. ಪ್ಲಾಸ್ಟರ್ ಹಾಕಿದ ಆಸ್ಪತ್ರೆಯಲ್ಲಿ, ಪಾದದ ಮೇಲ್ಭಾಗ ಜೋಮು ಹಿಡಿದಂತಿದೆ, ಮಂಡಿಯ ಪಕ್ಕ ಉರಿಯುತ್ತಿದೆ ಎಂದು ಎರಡು ಸಲ ಹೇಳಿದಾಗಲೂ ‘ಹೊಸದರಲ್ಲಿ ಹಾಗೇ ಇರುತ್ತದೆ’ ಎಂಬ ಉತ್ತರ ಬಂತು. ಆರು ವಾರಗಳ ಮೇಲೆ ಪ್ಲಾಸ್ಟರ್ ಬಿಚ್ಚಿ ಮನೆಗೆ ಬಂದವನು ಹೊಸ್ತಿಲು ದಾಟುವಾಗ ಎಡವಿದೆ. ಮತ್ತೆ ದಾಟಿದೆ, ಮತ್ತೆ ಎಡವಿದೆ. ಪಾದವನ್ನು ಮೇಲಕ್ಕೆತ್ತಬೇಕೆಂದು ಮನಸ್ಸು ಹೇಳುತ್ತಿತ್ತು, ಪಾದ ಮಾತ್ರ ಜೋತುಬಿದ್ದಿತ್ತು.

(ಹತ್ತಿರದ ದೃಶ್ಯ: ಮಂಡಿಯ ಹೊರಬದಿ, ಬೆರಳಿನಿಂದ ಒಂದು ಜಾಗವನ್ನು ತೋರಿಸುತ್ತಾರೆ.)

ನಿಮ್ಮ ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಬೆರಳಿಗೆ ಒಂದು ಮೂಳೆಯ ಗುಬ್ಬಿ ಸಿಗುತ್ತದೆ. ಅದರ ಕುತ್ತಿಗೆಯನ್ನು ಬಳಸಿಕೊಂಡು ಪೆರೋನಿಯಲ್ ನರ ಮುಂದಕ್ಕೆ ಹಾಯುತ್ತದೆ. ಅಲ್ಲಿ ಅದರ ಮೇಲೆ ಚರ್ಮ ಮತ್ತು ತೆಳುವಾದ ಕೊಬ್ಬು ಬಿಟ್ಟರೆ ಬೇರೆ ರಕ್ಷಣೆಯೇ ಇಲ್ಲ. ಆದ್ದರಿಂದ ಬಿದ್ದ ಪೆಟ್ಟು, ಬಿಗಿಯಾದ ಪ್ಲಾಸ್ಟರ್, ನಾಟಿ ವೈದ್ಯರ ಬಿಗಿಯಾದ ಬಿದಿರಿನ ಕಟ್ಟು ಇವೆಲ್ಲ ಅದನ್ನು ಸುಲಭವಾಗಿ ಒತ್ತುತ್ತವೆ. ಶಿರಾ, ಪಾವಗಡದ ಹೊಲಗಳಲ್ಲಿ ಕಡಲೆಕಾಯಿ ಸಾಲಿನ ನಡುವೆ ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವವರಲ್ಲೂ ಇದೇ ನರ ಇದೇ ಜಾಗದಲ್ಲಿ ನಲುಗಬಹುದು.

ಈ ನರ ಕೆಲಸ ನಿಲ್ಲಿಸಿದರೆ ಪಾದವನ್ನೂ ಬೆರಳುಗಳನ್ನೂ ಮೇಲಕ್ಕೆತ್ತುವ ಶಕ್ತಿ ಹೋಗುತ್ತದೆ. ಕಾಲಿನ ಹೊರಬದಿ ಮತ್ತು ಪಾದದ ಮೇಲ್ಭಾಗ ಮರಗಟ್ಟುತ್ತವೆ. ಅಂಗಾಲಿಗೆ ಬೇರೊಂದು ನರವಿರುವುದರಿಂದ ಅಲ್ಲಿ ಸ್ಪರ್ಶ ಉಳಿದಿರುತ್ತದೆ. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಿ. ಹವಾಯಿ ಚಪ್ಪಲಿಯ ಬಾರು ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಕೂರುತ್ತದಲ್ಲವೇ? ಆ ಸಂದಿಯ ಚರ್ಮಕ್ಕೆ ಸ್ಪರ್ಶ ಕೊಡುವುದು ಇದೇ ನರದ ಆಳದ ಕವಲು. ನನ್ನ ಚಪ್ಪಲಿ ಎಷ್ಟೋ ಸಲ ತೆಂಗಿನ ಪಾತಿಯಲ್ಲಿ ಕಳಚಿ ಬಿದ್ದಿರುತ್ತಿತ್ತು. ನಾನು ಹತ್ತು ಹೆಜ್ಜೆ ಮುಂದೆ ಬಂದಿರುತ್ತಿದ್ದೆ. ಮೊಮ್ಮಕ್ಕಳಿಗೆ ಅದು ನಗು, ನನಗೆ ಅದೇ ರೋಗಲಕ್ಷಣ.

ಈಗ ಒಳಗೆ ಏನಾಗುತ್ತದೆ ಎಂದು ನೋಡೋಣ. ನರವೆಂದರೆ ಬೋರ್‌ವೆಲ್ ಮೋಟಾರಿನ ಕೇಬಲ್ ಇದ್ದಂತೆ: ಹೊರಗೆ ಕವಚ, ಒಳಗೆ ಸಾವಿರಾರು ಎಳೆಗಳು. ಹರ್ಬರ್ಟ್ ಸೆಡನ್ ಎಂಬ ಬ್ರಿಟಿಷ್ ಶಸ್ತ್ರವೈದ್ಯರು 1943ರಲ್ಲಿ ನರದ ಪೆಟ್ಟನ್ನು ಮೂರು ಬಗೆಯಾಗಿ ವಿಂಗಡಿಸಿದರು, ಇಂದಿಗೂ ವೈದ್ಯರು ಆ ಲೆಕ್ಕವನ್ನೇ ಹಿಡಿಯುತ್ತಾರೆ. ಮೊದಲನೆಯದರಲ್ಲಿ ಎಳೆಗಳ ಮೇಲಿನ ಹೊದಿಕೆ ಮಾತ್ರ ಕೆಟ್ಟಿರುತ್ತದೆ. ಕೆಲವು ದಿನಗಳಿಂದ ಸುಮಾರು ಮೂರು ತಿಂಗಳೊಳಗೆ ತಾನಾಗಿ ಸರಿಹೋಗುತ್ತದೆ. ಎರಡನೆಯದರಲ್ಲಿ ಒಳಗಿನ ಎಳೆಗಳು ತುಂಡಾಗಿರುತ್ತವೆ, ಹೊರಗಿನ ಕವಚ ಉಳಿದಿರುತ್ತದೆ. ಮೂರನೆಯದರಲ್ಲಿ ಎಲ್ಲವೂ ತುಂಡಾಗಿರುತ್ತದೆ. ಮಚ್ಚು ಅಥವಾ ಗಾಜು ತಗುಲಿ ನರ ಕತ್ತರಿಸಿದ್ದರೆ ಕಾಯುವ ಮಾತೇ ಇಲ್ಲ, ಕೆಲವೇ ದಿನಗಳಲ್ಲಿ ಹೊಲಿಸಬೇಕು.

ನನ್ನದು ಎರಡನೆಯ ಬಗೆ. ಕೇಬಲ್ಲಿನ ಹೋಲಿಕೆ ಇಲ್ಲಿಂದ ಮುಂದೆ ಕುಂಟುತ್ತದೆ. ತುಂಡಾದ ತಂತಿಯನ್ನು ಗಂಟು ಹಾಕಬಹುದು, ನರದ ಎಳೆ ಹಾಗೆ ಕೂಡುವುದಿಲ್ಲ. ಪೆಟ್ಟಿನ ಜಾಗದಿಂದ ಕೆಳಗಿನ ಎಳೆ ಪೂರ್ತಿಯಾಗಿ ಕ್ಷಯಿಸಿ ಹೋಗುತ್ತದೆ. ಇದನ್ನು ಆಗಸ್ಟಸ್ ವಾಲರ್ ಎಂಬವರು 1850ರಲ್ಲಿ ಕಪ್ಪೆಯ ನಾಲಗೆಯ ನರಗಳನ್ನು ಕತ್ತರಿಸಿ ತೋರಿಸಿಕೊಟ್ಟರು. ಆಮೇಲೆ ಮೇಲಿನ ತುದಿಯಿಂದ ಹೊಸ ಎಳೆ ಚಿಗುರಿ, ಖಾಲಿಯಾದ ಹಳೆಯ ಕವಚದೊಳಗೆ ಇಳಿಯುತ್ತಾ ಬರುತ್ತದೆ. ಅದರ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್.

(ಹತ್ತಿರದ ದೃಶ್ಯ: ಟೇಪನ್ನು ಮಂಡಿಯ ಗುಬ್ಬಿಯಿಂದ ಬೆರಳ ಸಂದಿಯವರೆಗೆ ಹಿಡಿಯುತ್ತಾರೆ.)

ಗುಬ್ಬಿಯಿಂದ ಬೆರಳ ಸಂದಿಗೆ ನನ್ನ ಕಾಲಿನಲ್ಲಿ 42 ಸೆಂಟಿಮೀಟರ್. ಅಂದರೆ 420 ದಿನ, ಹದಿನಾಲ್ಕು ತಿಂಗಳು. ಪಾದವನ್ನು ಎತ್ತುವ ಮುಖ್ಯ ಸ್ನಾಯುವಿಗೆ ನರ ಸೇರುವ ಜಾಗ ಮಂಡಿಗೆ ಹತ್ತಿರವೇ ಇರುವುದರಿಂದ ಅಲ್ಲಿ ಚಲನೆ ಮೊದಲು ಮರಳುತ್ತದೆ, ಹೆಬ್ಬೆರಳು ಆಮೇಲೆ, ಪಾದದ ಚರ್ಮದ ಸ್ಪರ್ಶ ಕೊನೆಗೆ. ಈ ಲೆಕ್ಕವನ್ನು ಯಾರಾದರೂ ಮೊದಲ ವಾರದಲ್ಲೇ ಹೇಳಿದ್ದರೆ ನಾನು ದಿನಕ್ಕೆ ಹತ್ತು ಸಲ ಬೆರಳು ಅಲುಗಿಸಲು ಹೋಗಿ ಕಣ್ಣೀರಿಡುತ್ತಿರಲಿಲ್ಲ.

ನರ ಇಳಿದು ಬರುತ್ತಿದೆಯೇ ಎಂದು ತಿಳಿಯಲು ವೈದ್ಯರು ಅದರ ದಾರಿಯುದ್ದಕ್ಕೂ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾರೆ. ಹೊಸ ತುದಿ ಇರುವಲ್ಲಿ ತಟ್ಟಿದಾಗ ಜುಮ್ಮೆಂದು ಬೆರಳುಗಳ ಕಡೆಗೆ ಹರಿಯುತ್ತದೆ. 1915ರಲ್ಲಿ ಫ್ರಾನ್ಸಿನ ಜೂಲ್ಸ್ ಟಿನೆಲ್ ಇದನ್ನು ವಿವರಿಸಿದ್ದರಿಂದ ಇದಕ್ಕೆ ಅವರ ಹೆಸರೇ ನಿಂತಿದೆ. ಪ್ರತಿ ತಿಂಗಳ ಮೊದಲ ದಿನ ಆ ಜುಮ್ಮೆನ್ನುವ ಜಾಗವನ್ನು ಅಳೆದು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಿದ್ದೆ. ಆ ಗೆರೆ ಕೆಳಗೆ ಸರಿಯದೆ ಒಂದೇ ಕಡೆ ನಿಂತರೆ ಅದು ವೈದ್ಯರಿಗೆ ಹೇಳಬೇಕಾದ ಸುದ್ದಿ. ನರದ ವಿದ್ಯುತ್ ಪರೀಕ್ಷೆಯನ್ನು ಪೆಟ್ಟಾಗಿ ಸುಮಾರು ಮೂರು ವಾರ ಕಳೆದ ಮೇಲೆ ಮಾಡಿಸಬೇಕು, ಏಕೆಂದರೆ ಕೆಳಗಿನ ಎಳೆ ಕ್ಷಯಿಸುವ ಮೊದಲು ಮಾಡಿಸಿದರೆ ನರ ಇನ್ನೂ ಚೆನ್ನಾಗಿರುವಂತೆ ತೋರಬಹುದು.

ಕಾಯುವ ಕಾಲದಲ್ಲಿ ಕೈಕಟ್ಟಿ ಕೂತರೆ ನರ ಬಂದು ತಲುಪುವಷ್ಟರಲ್ಲಿ ಪಾದವೇ ಕೆಟ್ಟಿರುತ್ತದೆ. ಜೋತುಬಿದ್ದ ಪಾದದ ಹಿಮ್ಮಡಿಯ ಸ್ನಾಯುರಜ್ಜು ಗಿಡ್ಡವಾಗಿ ಬಿಗಿದುಕೊಳ್ಳುತ್ತದೆ. ಆಮೇಲೆ ನರ ಬಂದರೂ ಪಾದ ಏಳುವುದಿಲ್ಲ. ಆದ್ದರಿಂದ ಮಂಡಿ ನೆಟ್ಟಗಿಟ್ಟು, ಟವಲನ್ನು ಪಾದಕ್ಕೆ ಸುತ್ತಿ ನಿಮ್ಮ ಕಡೆಗೆ ಎಳೆದು ಅರ್ಧ ನಿಮಿಷ ಹಿಡಿಯುವುದನ್ನು ದಿನಕ್ಕೆ ಹಲವು ಬಾರಿ ಮಾಡಬೇಕು. ನಡೆಯುವಾಗ ಪಾದವನ್ನು ನೆಟ್ಟಗೆ ಹಿಡಿಯುವ ಪ್ಲಾಸ್ಟಿಕ್ ಸ್ಪ್ಲಿಂಟ್ ಹಾಕಿಕೊಳ್ಳಬೇಕು. ಅದು ಶೂ ಒಳಗೆ ಕೂರುವಂಥದ್ದು. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡುವ ನಮ್ಮಂಥವರ ಮನೆಗಳಲ್ಲಿ ಅದು ದಿನವೂ ಜಗಳಕ್ಕೆ ಕಾರಣ. ನಾನು ಒಳಗೆ ಹಾಕಲೆಂದೇ ಒಂದು ಜೊತೆ ಶೂ ಬೇರೆ ಇಟ್ಟೆ.

ಶಾಖದ ವಿಷಯವನ್ನು ಒತ್ತಿ ಹೇಳಬೇಕು. ನಮ್ಮ ಅಮ್ಮ ಹರಳೆಣ್ಣೆ ಸವರಿ ಎಕ್ಕದ ಎಲೆಯನ್ನು ಬಾಣಲೆಯಲ್ಲಿ ಬಿಸಿ ಮಾಡಿ ಪಾದದ ಮೇಲಿಟ್ಟರು. ನನಗೆ ಹಿತವೂ ಆಗಲಿಲ್ಲ, ಸುಡಲೂ ಇಲ್ಲ. ಬೆಳಿಗ್ಗೆ ನೋಡಿದರೆ ಎಲೆಯ ಆಕಾರದಲ್ಲೇ ಬೊಬ್ಬೆ ಎದ್ದಿತ್ತು, ವಾಸಿಯಾಗಲು ಒಂದು ತಿಂಗಳು ಹಿಡಿಯಿತು. ಮರಗಟ್ಟಿದ ಚರ್ಮಕ್ಕೆ ಉಪ್ಪಿನ ಶಾಖ, ಬಿಸಿನೀರಿನ ಚೀಲ ಯಾವುದೂ ಬೇಡ. ದಿನಕ್ಕೊಮ್ಮೆ ಪಾದವನ್ನು ಕಣ್ಣಿನಿಂದ ನೋಡಿ ಪರೀಕ್ಷಿಸಬೇಕು, ಸಕ್ಕರೆ ಕಾಯಿಲೆ ಇರುವವರಂತೂ ತಪ್ಪಿಸಲೇಬಾರದು.

ಸ್ಪರ್ಶ ಮರಳುವಾಗ ಅದು ನೋವಾಗಿ ಬರುವುದುಂಟು. ಹೊದಿಕೆ ತಗುಲಿದರೂ ಉರಿ, ಮಧ್ಯರಾತ್ರಿ ಕರೆಂಟು ಹೊಡೆದಂತೆ ಸೆಳೆತ. ಸಾಮಾನ್ಯ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಗ್ಯಾಬಪೆಂಟಿನ್, ಪ್ರೆಗಬಲಿನ್, ಅಮಿಟ್ರಿಪ್ಟಲಿನ್‌ನಂತಹ ಬೇರೆ ಔಷಧಿಗಳಿವೆ, ಅವನ್ನು ವೈದ್ಯರೇ ನಿರ್ಧರಿಸಿ ಕೊಡಬೇಕು. ಬಿ12 ಚುಚ್ಚುಮದ್ದು ಅದರ ಕೊರತೆ ಇದ್ದವರಿಗೆ ಉಪಯೋಗ, ತುಂಡಾದ ಎಳೆಯನ್ನು ಅದು ಕೂಡಿಸುವುದಿಲ್ಲ. ಚರ್ಮವನ್ನು ಪಳಗಿಸಲು ನಾನು ಮೊದಲು ಅರಳೆಯಿಂದ, ಬಳಿಕ ಬೈರಾಸಿನಿಂದ ಸವರಿ, ಕೊನೆಗೆ ಬೇಸಿನ್ನಿನಲ್ಲಿ ರಾಗಿ ತುಂಬಿ ಪಾದವನ್ನು ಹುದುಗಿಸಿ ಆಡಿಸುತ್ತಿದ್ದೆ.

ಎಲ್ಲರ ನರವೂ ಬಂದು ತಲುಪುವುದಿಲ್ಲ. ಮೂರರಿಂದ ಆರು ತಿಂಗಳಲ್ಲಿ ಚಲನೆಯೂ ಇಲ್ಲ, ವಿದ್ಯುತ್ ಪರೀಕ್ಷೆಯಲ್ಲಿ ಸುಳಿವೂ ಇಲ್ಲ ಎಂದಾದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ, ಏಕೆಂದರೆ ನರವಿಲ್ಲದ ಸ್ನಾಯು ಒಂದು, ಒಂದೂವರೆ ವರ್ಷಕ್ಕಿಂತ ಹೆಚ್ಚು ಕಾಯುವುದಿಲ್ಲ. ಮೀನಖಂಡದ ಸಣ್ಣ ನರವೊಂದನ್ನು ತೆಗೆದು ಕಸಿ ಮಾಡುವುದು ಒಂದು ದಾರಿ. ಪಾದವನ್ನು ಒಳಕ್ಕೆ ತಿರುಗಿಸುವ ಸ್ನಾಯುವಿನ ರಜ್ಜುವನ್ನು ಪಾದದ ಮೇಲ್ಭಾಗಕ್ಕೆ ಜೋಡಿಸಿ, ಅದರಿಂದಲೇ ಪಾದವನ್ನು ಎತ್ತಿಸುವುದು ಇನ್ನೊಂದು.

ನನಗೆ ನಾಲ್ಕನೆಯ ತಿಂಗಳಲ್ಲಿ ಪಾದ ಒಂದು ಬೆರಳಷ್ಟು ಎದ್ದಿತು, ಒಂಬತ್ತರಲ್ಲಿ ಹೆಬ್ಬೆರಳು ಅಲುಗಿತು. ಬೆರಳ ಸಂದಿ ಮಾತ್ರ ಇಂದಿಗೂ ಅರ್ಧ ಮಂಕು. ಆದ್ದರಿಂದ ಈ ಹವಾಯಿ ಚಪ್ಪಲಿಯನ್ನು ಈಗ ನಾನು ಹಾಕುವುದಿಲ್ಲ. ಹಿಮ್ಮಡಿಗೆ ಪಟ್ಟಿ ಇರುವುದನ್ನು ಹಾಕಿಕೊಂಡು ತೋಟಕ್ಕೆ ಹೋಗುತ್ತೇನೆ.