"ಪಾಪ, ಮನೇಲಿ ಮಾಡಿದ್ದು" ಅಂತ ಸುಮ್ಮನಾಗಬೇಡಿ

ನಮಸ್ಕಾರ. ಇನ್‌ಸ್ಟಾಗ್ರಾಮಲ್ಲೋ ವಾಟ್ಸಾಪ್ ಗ್ರೂಪಲ್ಲೋ ನೋಡಿ ತರಿಸಿದ ಸೋಪು ಒಂದೇ ವಾರಕ್ಕೆ ಕರಗಿ ಲೋಳೆಯಾಗುತ್ತೆ. ಓಲೆ ಎರಡನೇ ಸಲ ಹಾಕೋವಾಗಲೇ ಕೊಕ್ಕೆಯಿಂದ ಕಳಚಿ ಬೀಳುತ್ತೆ. ಅಲೋವೆರಾ ಜೆಲ್ ಹಚ್ಚಿದ್ರೆ ಮುಖ ಉರಿಯುತ್ತೆ. ಆಗ ನಮ್ಮಲ್ಲಿ ಹೆಚ್ಚಿನವರು ಮಾಡೋದು ಒಂದೇ ಕೆಲಸ, ಸುಮ್ಮನಾಗೋದು. "ಪಾಪ, ಮನೇಲಿ ಕೂತು ಕಷ್ಟಪಟ್ಟು ಮಾಡ್ತಾರೆ, ಕೆಟ್ಟದಾಗಿ ಬರೆದು ಅವರ ಹೊಟ್ಟೆ ಮೇಲೆ ಯಾಕೆ ಹೊಡೀಬೇಕು" ಅಂತಾರೆ.

ನನ್ನ ತಕರಾರು ಈ "ಪಾಪ"ದ ಮೇಲೆ. ಆ ಸೋಪು ಕೆಟ್ಟಿದ್ದು ಕೈಯಲ್ಲಿ ಮಾಡಿದ್ದಕ್ಕಲ್ಲ. ತೂಕ ಸರಿಯಾಗಿ ಹಾಕಿಲ್ಲ, ಕಾಯಬೇಕಾದಷ್ಟು ದಿನ ಕಾದಿಲ್ಲ, ಅದಕ್ಕೆ ಕೆಟ್ಟಿದ್ದು. ಅದನ್ನ ಯಾರೂ ಹೇಳದಿದ್ರೆ ಮುಂದಿನ ಸಲವೂ ಹಾಗೇ ಮಾಡಿ ಮಾರ್ತಾರೆ. ಅದೇ ಹೊತ್ತಿಗೆ, ಆರು ವಾರ ಕಾದು, ಒಳ್ಳೇ ಎಣ್ಣೆ ಹಾಕಿ, ಅದಕ್ಕೆ ತಕ್ಕ ರೇಟ್ ಇಟ್ಟವರಿಗೆ "ನಿಮ್ಮದು ಯಾಕಿಷ್ಟು ದುಬಾರಿ" ಅನ್ನೋ ಪ್ರಶ್ನೆ. ನಮ್ಮ ಮೌನದಿಂದ ಏಟು ಬೀಳೋದು ಅವರಿಗೆ.

ಸೋಪಿಂದಲೇ ಶುರು ಮಾಡೋಣ. ಮೊದಲು ಒಂದು ಮಾತು: ಕಾಸ್ಟಿಕ್ ಸೋಡಾ (ಚರ್ಮ ಸುಡೋ ತೀಕ್ಷ್ಣ ಕ್ಷಾರ) ಇಲ್ಲದೆ ಗಟ್ಟಿ ಸೋಪು ಆಗೋದೇ ಇಲ್ಲ. ಎಣ್ಣೆ ಮತ್ತು ಕಾಸ್ಟಿಕ್ ಸೇರಿ ಸೋಪೂ ಗ್ಲಿಸರಿನ್ನೂ ಆಗುತ್ತೆ. ಲೆಕ್ಕ ಸರಿ ಇದ್ರೆ ಕೊನೆಗೆ ಕಾಸ್ಟಿಕ್ ಉಳಿಯೋದಿಲ್ಲ. ಹಾಗಾಗಿ "ಕೆಮಿಕಲ್ ಫ್ರೀ, ಕಾಸ್ಟಿಕ್ ಇಲ್ಲ" ಅಂತ ಬರೆದವರು ಒಂದೋ ತಾವು ಮಾಡೋ ಕೆಲಸ ತಿಳಿದವರಲ್ಲ, ಇಲ್ಲ ಬೇಸ್, ಅಂದ್ರೆ ಬೇರೆಯವರು ಮೊದಲೇ ಮಾಡಿಟ್ಟ ಸೋಪಿನ ಗಟ್ಟಿ, ಕೊಂಡು ಕರಗಿಸ್ತಿದ್ದಾರೆ.

ಆ ಲೆಕ್ಕ ಒಂದೊಂದು ಎಣ್ಣೆಗೆ ಒಂದೊಂದು ಥರ. 1 ಕೆಜಿ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗೋಕೆ ಸುಮಾರು 183 ಗ್ರಾಂ ಕಾಸ್ಟಿಕ್ ಬೇಕು. 1 ಕೆಜಿ ಆಲಿವ್ ಎಣ್ಣೆಗೆ ಸುಮಾರು 135 ಗ್ರಾಂ ಸಾಕು. ತಿಳಿದವರು ಇದರಲ್ಲೂ 5% ಕಮ್ಮಿ ಹಾಕ್ತಾರೆ, ಚರ್ಮಕ್ಕೆ ಸ್ವಲ್ಪ ಎಣ್ಣೆ ಉಳೀಲಿ ಅಂತ. ಈಗ ಯಾರೋ ಕೊಬ್ಬರಿ ಎಣ್ಣೆಯ 183 ಗ್ರಾಂ ಅಳತೆ ಇಟ್ಕೊಂಡು ಎಣ್ಣೆ ಮಾತ್ರ ಆಲಿವ್‌ಗೆ ಬದಲಾಯಿಸಿದ್ರು ಅಂದ್ಕೊಳ್ಳಿ. ಕೆಜಿಗೆ ಹತ್ತಿರ ಹತ್ತಿರ 48 ಗ್ರಾಂ ಕಾಸ್ಟಿಕ್ ಸೋಪಲ್ಲೇ ಉಳೀತು. ಆ ಸೋಪು ನೋಡೋಕೆ ಚೆಂದವೇ ಇರುತ್ತೆ, ಮೈಗೆ ಹಚ್ಚಿದ್ರೆ ಉರಿಯುತ್ತೆ. "ಮೊದಮೊದಲು ಹಾಗೇ, ಚರ್ಮದ ವಿಷ ಹೊರಗೆ ಬರ್ತಿದೆ" ಅನ್ನೋ ಉತ್ತರ ಬಂದ್ರೆ ನಂಬಬೇಡಿ. ಆ ಸೋಪು ಬಳಸೋದು ನಿಲ್ಲಿಸಿ.

ಕಾಯೋ ವಿಷಯವೂ ಹಾಗೇ. ಕೋಲ್ಡ್ ಪ್ರೋಸೆಸ್ ಸೋಪು, ಅಂದ್ರೆ ಎಣ್ಣೆಗೆ ಕಾಸ್ಟಿಕ್ ಬೆರೆಸಿ ಬೇಯಿಸದೆ ಅಚ್ಚಿಗೆ ಹಾಕಿದ್ದು, ಒಂದೆರಡು ದಿನದಲ್ಲಿ ಗಟ್ಟಿಯಾಗುತ್ತೆ, ಆದರೆ ಒಳಗಿನ ನೀರು ಆರೋಕೆ 4ರಿಂದ 6 ವಾರ ಬೇಕು. ಮೊದಲೇ ಮಾರಿದ್ರೆ ಸೋಪಿನ ಡಬ್ಬೀಲಿ ಕರಗಿ ಕೂರುತ್ತೆ, ತೂಕವೂ ಇಳಿಯುತ್ತೆ. 100 ಗ್ರಾಂ ಅಂತ ಕೊಂಡಿದ್ದು ಆರೋ ಹೊತ್ತಿಗೆ 90 ಗ್ರಾಂ ಆಗಿರಬಹುದು. ಹಾಗಾಗಿ ಮಾರೋರನ್ನ ಕೇಳಬೇಕಾದ ಪ್ರಶ್ನೆ "ನ್ಯಾಚುರಲ್ಲಾ?" ಅನ್ನೋದಲ್ಲ. "ಯಾವ ತಾರೀಖಿಗೆ ಅಚ್ಚಿಗೆ ಹಾಕಿದ್ದು?" ಅಂತ ಕೇಳಿ. ಸರಿಯಾಗಿ ಮಾಡೋರ ಹತ್ತಿರ ಅದು ಬರೆದಿಟ್ಟಿರುತ್ತೆ.

ನನ್ನ ಕೈಲಿರೋ ಈ ಸೋಪು ಹತ್ತಿರದಿಂದ ನೋಡಿ. ಮೇಲ್ಗಡೆ ಕಿತ್ತಳೆ ಬಣ್ಣದ ಚುಕ್ಕೆಗಳಿವೆ. ಬೆರಳಲ್ಲಿ ಉಜ್ಜಿ ಮೂಸಿದ್ರೆ ಕಮಟು ವಾಸನೆ, ಹಳೇ ಕರಿದ ಎಣ್ಣೆ ವಾಸನೆ. ಉಳಿದ ಎಣ್ಣೆ ಗಾಳಿಗೆ ಕೆಟ್ಟಿದೆ ಅಂತ ಅರ್ಥ. ಸೂರ್ಯಕಾಂತಿಯಂಥ ಬೇಗ ಕೆಡೋ ಎಣ್ಣೆ ಜಾಸ್ತಿ ಹಾಕಿ, ತೇವ ಇರೋ ಜಾಗದಲ್ಲಿ ಇಟ್ರೆ ಹೀಗಾಗುತ್ತೆ. ಇದರಿಂದ ದೊಡ್ಡ ಅಪಾಯ ಏನಿಲ್ಲ, ಆದರೆ ದುಡ್ಡು ತಗೊಂಡು ಮಾರೋ ಮಾಲಲ್ಲ. ಈ ಇನ್ನೊಂದು ಸೋಪು ಗುಲಾಬಿ ಬಣ್ಣದ್ದು, ಲೇಬಲ್ ಮೇಲೆ ಬೀಟ್‌ರೂಟ್ ಅಂತಿದೆ. ಬೀಟ್‌ರೂಟಿನ ಕೆಂಪು ಕಾಸ್ಟಿಕ್ ಮುಂದೆ ನಿಲ್ಲೋದಿಲ್ಲ, ಕಂದು ಆಗುತ್ತೆ. ಕೋಲ್ಡ್ ಪ್ರೋಸೆಸ್ ಸೋಪು ಇಷ್ಟು ಗಾಢ ಗುಲಾಬಿ ಇದ್ರೆ ಬಣ್ಣ ಬೇರೆ ಎಲ್ಲಿಂದಲೋ ಬಂದಿದೆ. ಬಣ್ಣ ಹಾಕೋದು ತಪ್ಪಲ್ಲ, ಅದನ್ನ ಬೀಟ್‌ರೂಟ್ ಅನ್ನೋದು ತಪ್ಪು.

ಇನ್ನು ಗ್ಲಿಸರಿನ್ ಬೇಸ್ ಕೊಂಡು, ಕರಗಿಸಿ, ಬಣ್ಣ ಪರಿಮಳ ಸೇರಿಸಿ ಅಚ್ಚಿಗೆ ಹುಯ್ಯೋದು. ಒಂದು ಗಂಟೆ ಕೆಲಸ. ಇದರಲ್ಲೂ ಒಳ್ಳೇ ಸೋಪು ಆಗುತ್ತೆ, ಹೊಸಬರಿಗೆ ಇದೇ ಸುರಕ್ಷಿತ ದಾರಿ. ಆದರೆ ಇದನ್ನೇ "ಗಾಣದ ಎಣ್ಣೆಯಲ್ಲಿ 45 ದಿನ ಹದ ಮಾಡಿದ್ದು" ಅಂತ ಮೂರು ಪಟ್ಟು ರೇಟಿಗೆ ಮಾರ್ತಾರೆ. ಗುರುತು ಹಿಡಿಯೋಕೆ ಕರಾವಳಿ, ಮಲೆನಾಡಿನ ಮಳೆಗಾಲ ಸಾಕು. ಕವರ್ ಬಿಚ್ಚಿಟ್ಟ ಬೇಸ್ ಸೋಪಿನ ಮೇಲೆ ಬೆವರಿನ ಹಾಗೆ ನೀರಿನ ಹನಿ ಕೂರುತ್ತೆ, ಗ್ಲಿಸರಿನ್ ಗಾಳಿಯ ತೇವ ಎಳ್ಕೊಳ್ಳುತ್ತೆ. ಹಾಗೇ, ನಿಜವಾದ ಸೋಪಿನ ಪಿಎಚ್ (ಹುಳಿಯೋ ಕ್ಷಾರವೋ ಅಂತ ಹೇಳೋ ಅಂಕಿ) 9ರಿಂದ 10. "ಪಿಎಚ್ 5.5 ಕೋಲ್ಡ್ ಪ್ರೋಸೆಸ್ ಸೋಪು" ಅನ್ನೋದು ಇರೋಕೆ ಸಾಧ್ಯವೇ ಇಲ್ಲ, ಅಷ್ಟು ಇಳಿಸಿದ್ರೆ ಸೋಪು ಸೋಪಾಗಿ ಉಳಿಯೋದಿಲ್ಲ.

ಸೋಪಿಗಿಂತ ನನಗೆ ಭಯ ಇರೋದು ನೀರಿರೋ ವಸ್ತುಗಳ ಮೇಲೆ. ಜೆಲ್, ಕ್ರೀಂ, ಟೋನರ್, ಫೇಸ್ ಮಿಸ್ಟ್. ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಿದ್ರೆ ಬೂಷ್ಟು ಬರುತ್ತೆ ಅಂತ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅದೇ ತಿಳಿವಳಿಕೆ ಕ್ರೀಂ ಡಬ್ಬಿಗೆ ಬಂದಾಗ ಮರೆತುಹೋಗುತ್ತೆ. ಗಿಡದಿಂದ ತೆಗೆದ ಲೋಳೆಸರ ಫ್ರಿಜ್ಜಲ್ಲಿ ಇಟ್ಟರೂ ಒಂದು ವಾರದ ಮಾತು. ಅದು ಕೊರಿಯರ್ ಗೋಡೌನಿನ ಸೆಕೆಯಲ್ಲಿ ನಾಲ್ಕು ದಿನ ಇದ್ದು ನಿಮ್ಮ ಮನೆಗೆ ಬರುತ್ತೆ. ಲೇಬಲ್ ಮೇಲೆ "ಪ್ರಿಸರ್ವೇಟಿವ್ ಇಲ್ಲ" ಅಂತಲೂ ಇದೆ, "6 ತಿಂಗಳು ಬಳಸಬಹುದು" ಅಂತಲೂ ಇದೆ ಅಂದ್ರೆ ಎರಡರಲ್ಲಿ ಒಂದು ಸುಳ್ಳು. "ವಿಟಮಿನ್ ಇ ಹಾಕಿದ್ದೀವಿ, ಕೆಡಲ್ಲ" ಅಂತಾರೆ. ವಿಟಮಿನ್ ಇ ಎಣ್ಣೆ ಕಮಟಾಗೋದನ್ನ ತಡ ಮಾಡುತ್ತೆ, ಬ್ಯಾಕ್ಟೀರಿಯಾನ ತಡೆಯೋದಿಲ್ಲ. ಅದನ್ನ ತಡೆಯೋಕೆ ಪ್ರಿಸರ್ವೇಟಿವ್ ಬೇಕು. ಫಿನಾಕ್ಸಿ ಎಥನಾಲ್ ಅಂಥದ್ದು 1%ವರೆಗೆ, ಅಂದ್ರೆ 100 ಗ್ರಾಂ ಜೆಲ್‌ಗೆ 1 ಗ್ರಾಂ ಮೀರದ ಹಾಗೆ ಹಾಕ್ತಾರೆ. ಸೋಡಿಯಂ ಬೆಂಜೊಯೇಟ್ ಆದ್ರೆ ಜೆಲ್ ಹುಳಿ ಕಡೆಗೆ ಇರಬೇಕು, ಪಿಎಚ್ 5ಕ್ಕಿಂತ ಕೆಳಗೆ. ಪಿಎಚ್ ಪಟ್ಟಿ ಅದ್ದಿ ನೋಡದೆ ಅದನ್ನ ಹಾಕಿದ್ರೆ ಹಾಕಿಯೂ ಪ್ರಯೋಜನ ಇಲ್ಲ.

ಬಾಟಲ್ ಉಬ್ಬಿದ್ರೆ, ಮುಚ್ಚಳ ತೆಗೆದಾಗ ಗಾಳಿ ಹೊರಗೆ ಬಂದ್ರೆ, ಹುಳಿ ವಾಸನೆ ಇದ್ರೆ ಎಸೆಯಿರಿ. ಆದರೆ ಇದು ಯಾವುದೂ ಇಲ್ಲದೆಯೂ ಒಳಗೆ ಬ್ಯಾಕ್ಟೀರಿಯಾ ಇರಬಹುದು, ಕಣ್ಣಿಗೆ ಕಾಣಲ್ಲ. ಹಾಗಾಗಿ ಕಣ್ಣಿನ ಸುತ್ತ, ಗಾಯದ ಮೇಲೆ, ಮಗುವಿನ ಮೈಗೆ ಇಂಥದ್ದು ಬೇಡ.

ತಲೆಗೆ ಹಚ್ಚೋ ಎಣ್ಣೆಯ ಕಥೆ ಚಿಕ್ಕದು. ಕರಿಬೇವು, ದಾಸವಾಳ, ಗರುಗದ ಸೊಪ್ಪು ಹಸಿಯಾಗಿ ಹಾಕಿ ಕಾಯಿಸಿದ್ರೆ ಸೊಪ್ಪಿನ ನೀರು ಪೂರ್ತಿ ಹೋಗಬೇಕು. ಚಟಪಟ ಸದ್ದು ನಿಂತು, ಸೊಪ್ಪು ಗರಿಗರಿ ಆಗಬೇಕು. ಆಮೇಲೆ ಸೋಸಬೇಕು. ಚೆಂದ ಕಾಣಲಿ ಅಂತ ಬಾಟಲ್ ಒಳಗೆ ಹಸಿ ದಾಸವಾಳ ಬಿಟ್ಟು ಕಳಿಸ್ತಾರಲ್ಲ, ಅದು ಬೂಷ್ಟಿಗೆ ದಾರಿ. 15 ದಿನದಲ್ಲಿ ಉದ್ದ ಕೂದಲು ಅನ್ನೋರಿಗೆ ಒಂದೇ ಉತ್ತರ: ಕೂದಲು ಬೆಳೆಯೋದೇ ತಿಂಗಳಿಗೆ ಸುಮಾರು 1 ಸೆಂಟಿಮೀಟರ್.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡವೇ ಬೇಡ, ಬೆಳ್ಳಗೆ ಮಾಡೋ ಕ್ರೀಂ. ಹೆಸರಿಲ್ಲದ ಬಿಳಿ ಡಬ್ಬಿ, "ನೈಟ್ ಕ್ರೀಂ", ಒಂದು ವಾರದಲ್ಲಿ ಫಲಿತಾಂಶ. ಅಷ್ಟು ಬೇಗ ಬಣ್ಣ ಬದಲಾದ್ರೆ ಒಳಗೆ ಪಾದರಸವೋ ಸ್ಟೀರಾಯ್ಡೋ ಇರೋ ಅನುಮಾನ ಬರಲೇಬೇಕು. ಕೇರಳದ ಕೋಟ್ಟಕ್ಕಲ್‌ನ ವೈದ್ಯರು 2021ರಿಂದ 2023ರವರೆಗೆ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ಜನರನ್ನ ಪರೀಕ್ಷೆ ಮಾಡಿದ್ರು. ಅವರಲ್ಲಿ 15 ಜನರಿಗೆ ಕಾಯಿಲೆಯ ಒಂದೇ ವಿರಳ ರೂಪ, ಆ 15ರಲ್ಲಿ 13 ಜನ ಬಿಳುಪಿನ ಕ್ರೀಂ ಬಳಸ್ತಿದ್ರು. ನಮ್ಮ ಕಾನೂನು ಕ್ರೀಮಿಗೆ ಪಾದರಸ ಬೇಕಂತ ಹಾಕೋದನ್ನ ನಿಷೇಧಿಸಿದೆ. ತಾನಾಗಿ ಬೆರೆತದ್ದೂ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ಮೀರಬಾರದು, ಕಣ್ಣಿನ ಭಾಗಕ್ಕೆ ಹಚ್ಚೋದರಲ್ಲಿ ಮಾತ್ರ ಮಿತಿ 70 ಪಿಪಿಎಂ.

ಕಾನೂನು ಅಂದ ಮೇಲೆ ಇದನ್ನೂ ಹೇಳ್ತೀನಿ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮಾರಾಟಕ್ಕೆ ಮಾಡೋ ಸೌಂದರ್ಯವರ್ಧಕಕ್ಕೆ ರಾಜ್ಯದ ಲೈಸೆನ್ಸ್ ಬೇಕು. ತಯಾರಿಸೋ ಜಾಗ ವಾಸದ ಮನೆಗೆ ಸೇರಿಕೊಂಡಿರಬಾರದು. ನೋಡಿಕೊಳ್ಳೋಕೆ ಕನಿಷ್ಠ ಪಿಯುಸಿಯಲ್ಲಿ ಕೆಮಿಸ್ಟ್ರಿ ಓದಿದವರೋ, ಫಾರ್ಮಸಿ ಡಿಪ್ಲೊಮಾದವರೋ ಇರಬೇಕು. ಸ್ವಂತ ಜಾಗ ಇಲ್ಲದವರು ಲೋನ್ ಲೈಸೆನ್ಸ್ ತಗೊಂಡು, ಲೈಸೆನ್ಸ್ ಇರೋ ಘಟಕದಲ್ಲೇ ತಮ್ಮ ಹದದಲ್ಲಿ ಮಾಡಿಸ್ಕೊಳ್ಳಬಹುದು. ಸಣ್ಣವರಿಗೆ ಇದು ದುಬಾರಿ ಅನ್ನೋದು ನಿಜ, ಸರ್ಕಾರ ಇದನ್ನ ಹಗುರ ಮಾಡಬೇಕು ಅನ್ನೋದೇ ನನ್ನ ಅಭಿಪ್ರಾಯ. ಆದರೆ ಲೇಬಲ್ ಬರೆಯೋಕೆ ಏನೂ ಖರ್ಚಿಲ್ಲ. ಮಾಡಿದವರ ಹೆಸರು ವಿಳಾಸ, ತೂಕ, ಬ್ಯಾಚ್ ನಂಬರ್, ಲೈಸೆನ್ಸ್ ನಂಬರ್, ಯಾವ ತಾರೀಖಿನೊಳಗೆ ಬಳಸಬೇಕು, ಪದಾರ್ಥಗಳ ಪೂರ್ತಿ ಪಟ್ಟಿ. ಹೆಚ್ಚು ಇರೋದು ಮೊದಲು ಬರಬೇಕು. "ಕೇಸರಿ ಕ್ರೀಂ" ಪಟ್ಟಿಯಲ್ಲಿ ಕೇಸರಿ ಕಟ್ಟಕಡೆಗೆ, ಪರಿಮಳದ ಪಕ್ಕ ಇದ್ರೆ ಎಷ್ಟು ಹಾಕಿದ್ದಾರೆ ಅಂತ ನಿಮಗೇ ಗೊತ್ತಾಗುತ್ತೆ. ಲೈಸೆನ್ಸ್ ನಂಬರ್ ಜಾಗದಲ್ಲಿ ಎಫ್‌ಎಸ್‌ಎಸ್‌ಎಐ ನಂಬರ್ ಇದ್ರೆ ಮೋಸಹೋಗಬೇಡಿ, ಅದು ತಿನ್ನೋ ವಸ್ತುವಿಗೆ. ಉದ್ಯಮ್ ನಂಬರ್ರೂ ಅಷ್ಟೇ, ವ್ಯಾಪಾರ ನೋಂದಣಿ ಆಗಿದೆ ಅಂತ ಹೇಳುತ್ತೆ, ಕ್ರೀಂ ಬಗ್ಗೆ ಏನೂ ಹೇಳಲ್ಲ.

ಒಡವೆಗೆ ಬರೋಣ. ಇಲ್ಲಿ ಹೆಚ್ಚು ಕೆಡೋದು ಡಿಸೈನ್ ಅಲ್ಲ, ಜೋಡಣೆ. ನನ್ನ ಕೈಲಿರೋ ಈ ಜುಮ್ಕಿ ತಿರುಗಿಸಿ ನೋಡಿ. ಕೊಕ್ಕೆಗೂ ಜುಮ್ಕಿಗೂ ನಡುವೆ ಸಣ್ಣ ಉಂಗುರ ಇದೆ, ಅದರ ಎರಡು ತುದಿ ಕೂಡಿಲ್ಲ, ಕೂದಲೆಳೆ ಹೋಗೋಷ್ಟು ಸಂದಿ. ತಂತಿಯೂ ತೆಳು. ಭಾರದ ಜುಮ್ಕಿ ನೇತಾಡ್ತಾ ಆ ಸಂದಿ ಅಗಲ ಆಗಿ ಬಿದ್ದುಹೋಗುತ್ತೆ. ಎರಡು ಇಕ್ಕಳ ಹಿಡಿದು ತುದಿಗಳನ್ನ ಪಕ್ಕಕ್ಕೆ ತಿರುಗಿಸಿ ಕೂಡಿಸಬೇಕು, ಎರಡೂ ಕಡೆಗೆ ಎಳೆದು ಅಗಲಿಸಿದ್ರೆ ಉಂಗುರದ ಆಕಾರವೇ ಕೆಡುತ್ತೆ. ಹರಳು ಬೀಳೋದಕ್ಕೆ ಕಾರಣ ಹೆಚ್ಚಾಗಿ ಗ್ಲೂ ಗನ್. ಆ ಅಂಟು ಬೇಸಿಗೇಲಿ ಬಿಸಿಲಿಗೆ ನಿಲ್ಲಿಸಿದ ಕಾರೊಳಗೇ ಮೆತ್ತಗಾಗುತ್ತೆ.

ಜರ್ಮನ್ ಸಿಲ್ವರಲ್ಲಿ ಬೆಳ್ಳಿ ಇರೋದಿಲ್ಲ. ತಾಮ್ರ, ನಿಕಲ್, ಸತು, ಅಷ್ಟೇ. ನಿಕಲ್ ಆಗದವರಿಗೆ ಕಿವಿ ತುರಿಸಿ ಸೋರುತ್ತೆ. ಕೊಳ್ಳೋ ಮುಂಚೆ "ಕೊಕ್ಕೆ ಯಾವುದರದ್ದು?" ಅಂತ ಕೇಳಿ, ಓಲೆ ಯಾವುದಾದ್ರೂ ಇರಲಿ. ಸರ್ಜಿಕಲ್ ಸ್ಟೀಲ್ ಕೊಕ್ಕೆ ಹಾಕಿಸ್ಕೊಂಡ್ರೆ ಬಹಳ ಜನಕ್ಕೆ ತೊಂದರೆ ತಪ್ಪುತ್ತೆ.

ಟೆರಾಕೋಟ ಅಂದ್ರೆ ಸುಟ್ಟ ಮಣ್ಣು. ಗಾಳಿಗೆ ಒಣಗೋ ಕ್ಲೇ ತಂದು ಬಣ್ಣ ಬಳಿದು ಟೆರಾಕೋಟ ಅಂತ ಮಾರೋರಿದ್ದಾರೆ. ಹಿಂಬದಿ ಬಣ್ಣ ಇಲ್ಲದ ಕಡೆ ಒದ್ದೆ ಬೆರಳಲ್ಲಿ ಉಜ್ಜಿ. ಮೆತ್ತಗಾಗಿ ಅಂಟಿಕೊಂಡ್ರೆ ಸುಟ್ಟಿಲ್ಲ. ರೆಸಿನ್ ಅಂದ್ರೆ ಎರಡು ದ್ರವ ಬೆರೆಸಿ ಗಟ್ಟಿ ಮಾಡೋ ಪ್ಲಾಸ್ಟಿಕ್‌ನಂಥದ್ದು. ರೆಸಿನ್ ಪೆಂಡೆಂಟ್ ಜಿಗುಟು ಇದ್ರೆ ಆ ಎರಡರ ಅಳತೆ ತಪ್ಪಿದೆ, ಬಿಸಿಲಿಗಿಟ್ರೆ ಸರಿಹೋಗುತ್ತೆ ಅನ್ನೋದು ಸುಳ್ಳು. ಒಳಗಿನ ಹೂ ಕಂದಾಗಿದ್ರೆ ಪೂರ್ತಿ ಒಣಗಿಸದೆ ಹಾಕಿದ್ದಾರೆ.

ಚನ್ನಪಟ್ಟಣದ ಹೆಸರಲ್ಲಿ ಬರೋ ಓಲೆ ಬಳೆ ಬಗ್ಗೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತೆ. ಅಸಲಿ ಕೆಲಸದಲ್ಲಿ ಆಲೆ ಮರವನ್ನ ಚರಕಿಗೆ (ಮರ ತಿರುಗಿಸೋ ಯಂತ್ರಕ್ಕೆ) ಕಟ್ಟಿ, ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜೋ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತೆ. ಯಾವುದೋ ಮರಕ್ಕೆ ಪೇಂಟ್ ಬಳಿದು ಅದೇ ಹೆಸರಿಟ್ರೆ ಕೆಲವೇ ದಿನಕ್ಕೆ ಸಿಪ್ಪೆ ಏಳುತ್ತೆ, ಹೆಸರು ಕೆಡೋದು ಆ ಊರಿನ ಕುಶಲಕರ್ಮಿಗಳದ್ದು. ಒಂದು ಎಚ್ಚರಿಕೆ: ಅಸಲಿ ಅರಗಿಗೂ ಸ್ಪಿರಿಟ್ ಆಗೋದಿಲ್ಲ. ಅದರ ಮೇಲೆ ಸೆಂಟು, ಸ್ಯಾನಿಟೈಸರ್ ಬೀಳದ ಹಾಗೆ ನೋಡ್ಕೊಳ್ಳಿ.

ಈಗ ದುಡ್ಡಿನ ಮಾತು. "ನೋ ರಿಟರ್ನ್, ನೋ ರಿಫಂಡ್" ಅಂತ ಬಯೋದಲ್ಲಿ ಬರೆದ ಮಾತ್ರಕ್ಕೆ ಕೆಟ್ಟ ಮಾಲಿಗೆ ಅದು ಅನ್ವಯ ಆಗೋದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷ ಇರೋ ವಸ್ತು ವಾಪಸ್ ತಗೊಂಡು ದುಡ್ಡು ಕೊಡೋಕೆ ಒಪ್ಪದಿರೋದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಲ್ಲಿ ಅವಧಿ ಹೇಳಿರದಿದ್ರೆ 30 ದಿನ ಅಂತ ಕಾಯ್ದೆಯಲ್ಲೇ ಇದೆ. ಬಿಲ್ ಕೊಡದಿರೋದೂ ಅದೇ ಪಟ್ಟಿಯಲ್ಲಿದೆ. ಅನ್‌ಬಾಕ್ಸಿಂಗ್ ವಿಡಿಯೋ ನಿಮ್ಮ ಕೈಗೆ ಒಳ್ಳೇ ಸಾಕ್ಷಿ, ಮಾಡಿಟ್ಟುಕೊಳ್ಳಿ. ಆದರೆ ಅದಿಲ್ಲ ಅಂದ ಮಾತ್ರಕ್ಕೆ ಹಕ್ಕು ಹೋಗೋದಿಲ್ಲ.

ಮಾರೋರಿಗೆ ಮೆಸೇಜ್ ಹಾಕುವಾಗ ಆರ್ಡರ್ ತಾರೀಖು, ಯುಪಿಐ ಸ್ಕ್ರೀನ್‌ಶಾಟ್, ಹಗಲು ಬೆಳಕಲ್ಲಿ ತೆಗೆದ ಫೋಟೋ, ಬ್ಯಾಚ್ ನಂಬರ್, ಏನಾಯ್ತು, ಎಷ್ಟನೇ ದಿನಕ್ಕಾಯ್ತು, ನಿಮಗೆ ಏನು ಬೇಕು, ಎಲ್ಲಾ ಒಂದೇ ಮೆಸೇಜಲ್ಲಿ ಇರಲಿ. ಬೈಗುಳ ಬೇಡ. ಒಂದು ವಾರ ಕಾಯಿರಿ. ಉತ್ತರ ಬರದಿದ್ರೆ, ಇಲ್ಲ ಬ್ಲಾಕ್ ಮಾಡಿದ್ರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ ಇದೆ, ವಸ್ತುವಿನ ಬೆಲೆ 5 ಲಕ್ಷದವರೆಗೆ ಇದ್ರೆ ದೂರಿಗೆ ಶುಲ್ಕ ಇಲ್ಲ. ಮೈ ಸುಟ್ಟಿದ್ರೆ, ಬೊಬ್ಬೆ ಬಂದಿದ್ರೆ ಮೊದಲು ಚರ್ಮದ ಡಾಕ್ಟರ್ ಹತ್ತಿರ ಹೋಗಿ, ಚೀಟಿ ಜೋಪಾನ ಮಾಡಿ, ಉಳಿದ ಕ್ರೀಂ ಡಬ್ಬಿ ಸಮೇತ ಎತ್ತಿಡಿ. ಲ್ಯಾಬ್ ಪರೀಕ್ಷೆಗೆ ಕೊಡಬೇಕಾಗಿ ಬಂದ್ರೆ ಅದೇ ಬೇಕಾಗೋದು.