ಕತ್ತಲಾದಾಗ ಹೊತ್ತಿಕೊಳ್ಳುವ ದೀಪ: ಶಾಲಾ ಪ್ರಾಜೆಕ್ಟಿನಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಪ್ರೋಗ್ರಾಮಿಂಗ್

ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಎಲೆಕ್ಟ್ರಾನಿಕ್ಸ್ ಮತ್ತು ಪ್ರೋಗ್ರಾಮಿಂಗ್‌ಗಳನ್ನು ಶಾಲೆಗಳಲ್ಲಿ ಸಾಮಾನ್ಯವಾಗಿ ಬೇರೆಬೇರೆ ಕೊಠಡಿಗಳಲ್ಲಿ ಕಲಿಸಲಾಗುತ್ತದೆ. ಒಂದು ಭೌತಶಾಸ್ತ್ರದ ಪಾಠವಾಗಿ ಕಪ್ಪುಹಲಗೆಯ ಮೇಲೆ ಉಳಿಯುತ್ತದೆ, ಇನ್ನೊಂದು ಕಂಪ್ಯೂಟರಿನ ಪರದೆಯೊಳಗೆ. ಎರಡನ್ನೂ ಒಂದೇ ಪ್ರಾಜೆಕ್ಟಿನಲ್ಲಿ ಒಟ್ಟಿಗೆ ಕಲಿಯಬೇಕು ಎಂದು ನಾನು ಹೇಳುವುದು ಸಮಯ ಉಳಿಯುತ್ತದೆ ಎಂಬ ಕಾರಣಕ್ಕಲ್ಲ. ತಾನೇ ಜೋಡಿಸಿದ ಸರ್ಕ್ಯೂಟಿಗೆ ತಾನೇ ಬರೆದ ಪ್ರೋಗ್ರಾಂ ಹಾಕಿದಾಗ ಕೆಲಸ ನಡೆಯದಿದ್ದರೆ, ತಪ್ಪು ತಂತಿಯಲ್ಲಿದೆಯೋ ಬರೆದ ಸಾಲಿನಲ್ಲಿದೆಯೋ ಎಂದು ವಿದ್ಯಾರ್ಥಿಯೇ ಪತ್ತೆಹಚ್ಚಬೇಕಾಗುತ್ತದೆ. ಈ ಪತ್ತೆಯ ಕೆಲಸವೇ ನಿಜವಾದ ಪಾಠ ಎಂಬುದನ್ನು ಇಂದು ಒಂದೇ ಒಂದು ಪ್ರಾಜೆಕ್ಟಿನ ಮೂಲಕ ವಿವರಿಸುತ್ತೇನೆ: ಕತ್ತಲಾದಾಗ ತಾನಾಗಿ ಹೊತ್ತಿಕೊಂಡು ಬೆಳಕಾದಾಗ ಆರುವ ಪುಟ್ಟ ದೀಪ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಪ್ರೋಗ್ರಾಂ ಹಾಕಿ ನಡೆಸಬಹುದಾದ ಪುಟ್ಟ ಕಂಪ್ಯೂಟರಿನಂಥ ಆರ್ಡುಯಿನೋ ಉನೋ ಮಾದರಿಯ ಒಂದು ಬೋರ್ಡ್, ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್, ಕೆಂಪು ಎಲ್‌ಇಡಿ, 220 ಓಮ್ ಮತ್ತು 10,000 ಓಮ್‌ಗಳ, ಪ್ರವಾಹಕ್ಕೆ ತಡೆ (ರೋಧ) ಒಡ್ಡುವ ಎರಡು ರೆಸಿಸ್ಟರ್, ಬೆಳಕು ಬಿದ್ದಂತೆ ರೋಧ ಕಡಿಮೆಯಾಗುವ ಎಲ್‌ಡಿಆರ್ ಎಂಬ ಬೆಳಕಿನ ಸೆನ್ಸರ್, ಕೆಲವು ತಂತಿಗಳು, ಜೊತೆಗೆ ವೋಲ್ಟೇಜು ಅಳೆಯಲು ಒಂದು ಮಲ್ಟಿಮೀಟರ್. ಆರ್ಡುಯಿನೋ 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ರೂಪುಗೊಂಡದ್ದು ಎಂಜಿನಿಯರುಗಳಿಗಾಗಿ ಅಲ್ಲ. ಎಲೆಕ್ಟ್ರಾನಿಕ್ಸಿನ ಹಿನ್ನೆಲೆ ಇಲ್ಲದ ವಿನ್ಯಾಸದ ವಿದ್ಯಾರ್ಥಿಗಳಿಗಾಗಿ. ಶಾಲಾ ಮಕ್ಕಳ ಕೈಗೂ ಅದು ಒಗ್ಗುವುದರಲ್ಲಿ ಆಶ್ಚರ್ಯವಿಲ್ಲ.

ಮೊದಲು 220 ಓಮ್ ರೆಸಿಸ್ಟರಿನ ಮೂಲಕ ಎಲ್‌ಇಡಿಯೊಂದನ್ನೇ ಬೆಳಗಿಸಬೇಕು. ಬೋರ್ಡಿನ ಪಿನ್ (ತಂತಿ ಸಿಕ್ಕಿಸುವ ಜಾಗ) ಕೊಡುವುದು 5 ವೋಲ್ಟ್; ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ. ಉಳಿದ 3 ವೋಲ್ಟನ್ನು 220 ಓಮ್‌ನಿಂದ ಭಾಗಿಸಿದರೆ ಸುಮಾರು 14 ಮಿಲಿಆಂಪಿಯರ್ ಪ್ರವಾಹ ಬರುತ್ತದೆ. ಉನೋದ ಒಂದು ಪಿನ್ ತಾಳಿಕೊಳ್ಳುವ ಗರಿಷ್ಠ ಮಿತಿ 40 ಮಿಲಿಆಂಪಿಯರ್, 20ರೊಳಗೆ ಇದ್ದರೆ ಕ್ಷೇಮ. ಈ ಭಾಗಾಕಾರವನ್ನು ವಿದ್ಯಾರ್ಥಿ ತನ್ನ ಕೈಯಿಂದಲೇ ಮಾಡಬೇಕು. ಆಗ ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಪ್ರವಾಹ ಸಿಗುತ್ತದೆ ಎನ್ನುವ ಓಮನ ನಿಯಮ ಪರೀಕ್ಷೆಯ ಸೂತ್ರವಾಗಿ ಉಳಿಯದೆ ಒಂದು ಬಿಡಿಭಾಗವನ್ನು ಸುಡದಂತೆ ಕಾಯುವ ಲೆಕ್ಕವಾಗುತ್ತದೆ. 1827ರಲ್ಲಿ ಈ ನಿಯಮವನ್ನು ಪ್ರಕಟಿಸಿದ ಗೇಯಾರ್ಗ್ ಓಮ್ ಕೊಲೋನ್ ನಗರದ ಒಂದು ಶಾಲೆಯಲ್ಲಿ ಅಧ್ಯಾಪಕನಾಗಿದ್ದವನು, ಆ ಶಾಲೆಯ ಪ್ರಯೋಗಾಲಯದಲ್ಲೇ ಪ್ರಯೋಗ ನಡೆಸಿದವನು ಎಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಎರಡನೆಯ ಹೆಜ್ಜೆ ಬೆಳಕನ್ನು ಅಳೆಯುವುದು. ಎಲ್‌ಡಿಆರ್‌ನ ಒಂದು ತುದಿಯನ್ನು 5 ವೋಲ್ಟಿಗೆ, ಇನ್ನೊಂದನ್ನು 10,000 ಓಮ್ ರೆಸಿಸ್ಟರಿನ ಮೂಲಕ ಗ್ರೌಂಡಿಗೆ (ಬೋರ್ಡಿನ 0 ವೋಲ್ಟಿನ ಪಿನ್ನಿಗೆ) ಸೇರಿಸಿ, ಅವೆರಡೂ ಕೂಡುವ ಜಾಗದಿಂದ ಒಂದು ತಂತಿಯನ್ನು ಎ0 ಎಂಬ ಪಿನ್ನಿಗೆ ಎಳೆಯಬೇಕು. ಬೆಳಕಿನಲ್ಲಿ ಎಲ್‌ಡಿಆರ್‌ನ ರೋಧ ಕೂಡ 10,000 ಓಮ್ ಇದ್ದರೆ ವೋಲ್ಟೇಜು ಸಮನಾಗಿ ಹಂಚಿಹೋಗಿ ನಡುವೆ 2.5 ವೋಲ್ಟ್ ಸಿಗುತ್ತದೆ. ಕತ್ತಲಲ್ಲಿ ಆ ರೋಧ 1,00,000 ಓಮ್‌ಗೆ ಏರಿದರೆ ಅರ್ಧ ವೋಲ್ಟಿಗಿಂತಲೂ ಕಡಿಮೆ. ಬೋರ್ಡು ಈ ವೋಲ್ಟೇಜನ್ನು 0ಯಿಂದ 1023ರವರೆಗಿನ ಒಂದು ಸಂಖ್ಯೆಯಾಗಿ ಓದುತ್ತದೆ: 2.5 ವೋಲ್ಟಿಗೆ ಸುಮಾರು 512, ಆ ಕತ್ತಲಿಗೆ ಸುಮಾರು 93. ಮಲ್ಟಿಮೀಟರಿನಲ್ಲಿ ಕಂಡ ವೋಲ್ಟೇಜೂ ಬೋರ್ಡು ಕಳುಹಿಸಿ ಕಂಪ್ಯೂಟರಿನ ಪರದೆಯ ಮೇಲೆ ಕಂಡ ಸಂಖ್ಯೆಯೂ ಒಂದೇ ಸಂಗತಿಯ ಎರಡು ಹೆಸರುಗಳು ಎಂದು ವಿದ್ಯಾರ್ಥಿಗೆ ಮನವರಿಕೆಯಾಗುವ ಗಳಿಗೆ ಇದು. ಇದನ್ನು ಅವಸರದಲ್ಲಿ ದಾಟಿಸಬಾರದು; ಒಂದು ಇಡೀ ತರಗತಿಯನ್ನು ಇದಕ್ಕೇ ಕೊಟ್ಟರೂ ನಷ್ಟವಿಲ್ಲ.

ಏಕೆಂದರೆ ದೋಷ ಹುಡುಕುವ ದಾರಿ ತೆರೆಯುವುದು ಇಲ್ಲಿಂದಲೇ. ಎಲ್‌ಡಿಆರ್ ಮೇಲೆ ಕೈ ಮುಚ್ಚಿದಾಗ ಮಲ್ಟಿಮೀಟರಿನ ಅಳತೆ ಬದಲಾಗುತ್ತದೆ, ಪರದೆಯ ಸಂಖ್ಯೆ ಮಾತ್ರ ಬದಲಾಗುವುದಿಲ್ಲ ಎಂದಾದರೆ, ಎ0 ತಂತಿಯನ್ನೋ ಪ್ರೋಗ್ರಾಮಿನಲ್ಲಿ ಬರೆದ ಪಿನ್ ಸಂಖ್ಯೆಯನ್ನೋ ನೋಡಬೇಕು. ಎರಡೂ ಬದಲಾಗದಿದ್ದರೆ ಸರ್ಕ್ಯೂಟನ್ನು ನೋಡಬೇಕು. ಸಂಖ್ಯೆಯೇ ಇನ್ನೂ ಹೆಚ್ಚಿನದನ್ನು ಹೇಳುತ್ತದೆ. ಅದು 1023ರ ಬಳಿ ಅಂಟಿಕೊಂಡಿದ್ದರೆ ಗ್ರೌಂಡಿಗೆ ಹೋಗುವ ರೆಸಿಸ್ಟರ್ ಕಳಚಿಕೊಂಡಿರಬೇಕು. 0ಯಲ್ಲೇ ನಿಂತಿದ್ದರೆ ಎಲ್‌ಡಿಆರ್ ಸರಿಯಾಗಿ ಕೂತಿಲ್ಲ. ಗೊತ್ತುಗುರಿಯಿಲ್ಲದೆ ಏರಿಳಿಯುತ್ತಿದ್ದರೆ ಎ0ಗೆ ಬರುವ ತಂತಿಯೇ ಬಿಟ್ಟುಹೋಗಿದೆ. ಕೊನೆಯದು ಬಹಳ ಮೋಸಗೊಳಿಸುವಂಥದ್ದು, ಏಕೆಂದರೆ ತೆರೆದುಕೊಂಡ ಪಿನ್ ಹತ್ತಿರ ತಂದ ಕೈಗೂ ಪ್ರತಿಕ್ರಿಯಿಸುತ್ತದೆ, ಮಕ್ಕಳು ಸೆನ್ಸರ್ ಕೆಲಸ ಮಾಡುತ್ತಿದೆ ಎಂದೇ ಭಾವಿಸುತ್ತಾರೆ.

ಇನ್ನು ಪ್ರೋಗ್ರಾಂ. ಸಂಖ್ಯೆ 300ಕ್ಕಿಂತ ಕಡಿಮೆಯಾದರೆ ದೀಪ ಹಚ್ಚು, ಇಲ್ಲವಾದರೆ ಆರಿಸು. ಇಷ್ಟನ್ನು ಬರೆಯುವುದಕ್ಕೆ ಐದಾರು ಸಾಲು ಸಾಕು. ಬೆಳಕು ತುಸು ತಗ್ಗಿದಾಗ ದೀಪ ಹೊತ್ತಿಕೊಳ್ಳುತ್ತದೆ, ಎಲ್ಲರೂ ಸಂತೋಷಪಡುತ್ತಾರೆ. ಆದರೆ ಎಲ್‌ಇಡಿಯನ್ನು ಎಲ್‌ಡಿಆರ್‌ನ ಪಕ್ಕದಲ್ಲೇ ಚುಚ್ಚಿದ್ದರೆ ಅದು ಹೊತ್ತಿ ನಿಲ್ಲುವುದಿಲ್ಲ, ಮಿನುಗತೊಡಗುತ್ತದೆ. ನಾನು ಜೊತೆಯಲ್ಲಿ ಕುಳಿತು ನೋಡಿದ ಒಂದು ತಂಡ ಹೀಗಾದಾಗ ತಂತಿಗಳನ್ನೆಲ್ಲ ಎರಡು ಸಲ ಕಿತ್ತು ಜೋಡಿಸಿತು, ಪ್ರೋಗ್ರಾಮನ್ನು ಅಳಿಸಿ ಮತ್ತೆ ಬರೆಯಿತು. ಉತ್ತರ ಹೇಳಿಬಿಡಬೇಕೆಂಬ ಆಸೆಯನ್ನು ನಾನು ಕಷ್ಟಪಟ್ಟು ತಡೆದುಕೊಂಡೆ. ಕೊನೆಗೆ ಒಬ್ಬ ಹುಡುಗಿ ಎಲ್‌ಇಡಿಯನ್ನು ಕಿತ್ತಿಟ್ಟು ಸಂಖ್ಯೆಯನ್ನಷ್ಟೇ ನೋಡಿದಳು. ಅದು 250ರ ಸುತ್ತ ಅಲುಗಾಡದೆ ನಿಂತಿತ್ತು. ಮತ್ತೆ ಚುಚ್ಚಿದಾಗ 250 ಮತ್ತು 480ರ ನಡುವೆ ಜಿಗಿಯಿತು. ದೀಪ ತನ್ನ ಬೆಳಕನ್ನು ತಾನೇ ನೋಡಿ ಹಗಲಾಯಿತೆಂದು ಆರುತ್ತಿತ್ತು, ಆರಿದೊಡನೆ ಕತ್ತಲಾಯಿತೆಂದು ಹೊತ್ತುತ್ತಿತ್ತು.

ಇಲ್ಲಿ ಸರ್ಕ್ಯೂಟಿನಲ್ಲಿ ತಪ್ಪಿಲ್ಲ, ಪ್ರೋಗ್ರಾಂ ಹೇಳಿದ್ದನ್ನೇ ಮಾಡುತ್ತಿದೆ. ತೊಂದರೆ ಹುಟ್ಟಿದ್ದು ಎರಡೂ ಸೇರಿ ಹೊರಗಿನ ಬೆಳಕಿನೊಡನೆ ಒಂದು ಸುತ್ತನ್ನು ಕಟ್ಟಿಕೊಂಡದ್ದರಿಂದ. ಪರಿಹಾರವೂ ಎರಡು ಕಡೆ ಇದೆ. ಕಪ್ಪು ಕಾಗದವನ್ನು ಕೊಳವೆಯಂತೆ ಸುತ್ತಿ ಎಲ್‌ಡಿಆರ್‌ಗೆ ತೊಡಿಸಬಹುದು. ಇಲ್ಲವೇ ಪ್ರೋಗ್ರಾಮಿನಲ್ಲಿ ಎರಡು ಮಿತಿಗಳನ್ನಿಟ್ಟು, 300ಕ್ಕಿಂತ ಕೆಳಗೆ ಹಚ್ಚು, 600ಕ್ಕಿಂತ ಮೇಲೆ ಆರಿಸು, ನಡುವೆ ಇದ್ದ ಸ್ಥಿತಿಯಲ್ಲೇ ಬಿಡು ಎನ್ನಬಹುದು. ರೆಫ್ರಿಜರೇಟರಿನ ಥರ್ಮೋಸ್ಟಾಟ್ ಕ್ಷಣಕ್ಷಣಕ್ಕೂ ಆನ್-ಆಫ್ ಆಗದಂತೆ ತಡೆಯುವುದು ಇದೇ ಉಪಾಯ. ಒಂದೇ ತೊಂದರೆಯನ್ನು ಕಾಗದದಿಂದಲೂ ಸಾಲಿನಿಂದಲೂ ಸರಿಪಡಿಸಬಹುದು ಎಂದು ಕಂಡುಕೊಂಡ ಮಗುವಿಗೆ ಎರಡು ವಿಷಯಗಳ ನಡುವಿನ ಗೋಡೆ ಉಳಿಯುವುದಿಲ್ಲ.

ಆದ್ದರಿಂದ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟು. ತಂತಿ ಜೋಡಿಸಿಯೇ ಬರುವ ಕಿಟ್ಟುಗಳನ್ನೂ ನಕಲು ಮಾಡಿ ಹಾಕುವ ಪ್ರೋಗ್ರಾಮುಗಳನ್ನೂ ಆರಂಭದಲ್ಲಿ ದೂರವಿಡಿ. ಅವು ದೀಪವನ್ನು ಹಚ್ಚುತ್ತವೆ, ಹುಡುಕುವ ಅವಕಾಶವನ್ನು ಕಸಿಯುತ್ತವೆ. ಯುಎಸ್‌ಬಿ ಅಥವಾ ಬ್ಯಾಟರಿಯ 5 ವೋಲ್ಟಿನಾಚೆಗೆ ಹೋಗಬೇಡಿ. ಗೋಡೆಯ ಪ್ಲಗ್ಗಿನ ವಿದ್ಯುತ್ತು ಮಕ್ಕಳ ಪ್ರಾಜೆಕ್ಟಿಗೆ ಸಲ್ಲದು. ಏನು ಕೆಟ್ಟಿತು, ಏನನ್ನು ಅಳೆದೆವು, ಯಾವುದರಿಂದ ಸರಿಯಾಯಿತು ಎಂಬುದನ್ನು ದಿನದಿನವೂ ಪುಸ್ತಕದಲ್ಲಿ ಬರೆಯಿಸಿ, ಅಂಕಗಳ ದೊಡ್ಡ ಪಾಲನ್ನು ಆ ಪುಟಗಳಿಗೇ ಕೊಡಿ. ವಸ್ತುಪ್ರದರ್ಶನದ ದಿನ ಸರಿಯಾಗಿ ಉರಿಯುವ ದೀಪವನ್ನಷ್ಟೇ ಮೇಜಿನ ಮೇಲಿಡಬೇಡಿ. ನೋಡಲು ಬಂದವರ ಮುಂದೆ ಒಂದೇ ಮಿತಿಯ ಹಳೆಯ ಪ್ರೋಗ್ರಾಮನ್ನೇ ಹಾಕಿ, ಕಾಗದದ ಕೊಳವೆಯನ್ನು ತೆಗೆದು ದೀಪ ಮಿನುಗುವುದನ್ನು ವಿದ್ಯಾರ್ಥಿ ತೋರಿಸಲಿ, ಏಕೆ ಮಿನುಗುತ್ತಿದೆ ಎಂದು ವಿವರಿಸಲಿ, ಆಮೇಲೆ ಕೊಳವೆಯನ್ನು ಮತ್ತೆ ತೊಡಿಸಲಿ.